ಹೆಸರಿನ ಜಾತಕ ಬಿಚ್ಚುವ ಮೂಳೆ ತಾತ

“ಅಮ್ಮಾ, ಮೂಳೆ ತಾತಂಗೆ ನೋವಾದ್ರೆ ಅಳು ಬರುತ್ತಾ, ಲ್ಯಾಟಿನ್ ಬರುತ್ತಾ?” ಎಂದು ಮಗಳು ಇವತ್ತು ಕೇಳಿದಳು. “ಲ್ಯಾಟಿನ್ನೇ ಬರುತ್ತೆ ಕಣೆ” ಎಂದೆ. ಮೇಲಿನ ಮನೆಯ ಈ ನಿವೃತ್ತ ಮೇಷ್ಟರು ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು. ಈಗ ಮೆಟ್ಟಿಲ ಮೇಲೆ ಸಿಕ್ಕವರೇ ಅವರಿಗೆ ವಿದ್ಯಾರ್ಥಿಗಳು. ಗಾಯಕ್ಕೆ ಮದ್ದು ಕೇಳಿದರೆ ಹೆಸರಿನ ಜಾತಕ ಬಿಚ್ಚುತ್ತಾರೆ. ಮಗಳು ಮೊಣಕಾಲು ತರಚಿಕೊಂಡು ಕಿರುಚುತ್ತಿದ್ದಾಗ ನಾನು ಹತ್ತಿಗೆ ತಡಕಾಡುತ್ತಿದ್ದರೆ, ಇವರು ಗೋಡೆಗೊರಗಿ, “ಮೊಣಕಾಲ ಚಿಪ್ಪಿನ ಹೆಸರು ಪಟೆಲ್ಲಾ, ಅಂದ್ರೆ ಲ್ಯಾಟಿನ್‌ನಲ್ಲಿ ಪುಟ್ಟ ತಟ್ಟೆ, ಮರೀ” ಎಂದರು. ಹೆಗಲು ಹಿಡಿದುಕೊಂಡಿದೆ ಎಂದ ವಾಚ್‌ಮನ್‌ಗೆ, ಕೊರಳ ಕೆಳಗಿನ ಮೂಳೆಯ ಲ್ಯಾಟಿನ್ ಹೆಸರಿಗೆ ಪುಟ್ಟ ಬೀಗದ ಕೈ ಎಂದರ್ಥವೆಂದು ತಿಳಿಸಿದರು. “ಹಂಗಾದ್ರೆ ಬೀಗ ನಿಮ್ಮ ಬಾಯಿಗೇ ಹಾಕೋಣ ಸಾರ್” ಎಂದು ಅವನು ಗೊಣಗಿದ್ದು ಅವರಿಗೆ ಕೇಳಿಸಲೇ ಇಲ್ಲ. ತಮ್ಮ ಮಾತಲ್ಲದೆ ಬೇರೆಯದು ಆ ಕಿವಿಗೆ ಬೀಳುವುದು ಅಪರೂಪ. ಕಣ್ಣಪಾಪೆಯ ಪಾಠವಂತೂ ನನಗೆ ಬಾಯಿಪಾಠವಾಗಿದೆ: ಪ್ಯುಪಿಲ್ಲಾ ಎಂದರೆ ಪುಟ್ಟ ಗೊಂಬೆ, ಎದುರಿಗಿದ್ದವರ ಕಣ್ಣಿನಲ್ಲಿ ನಮ್ಮದೇ ರೂಪ ಗೊಂಬೆಯಷ್ಟಾಗಿ ಕಾಣುವುದರಿಂದ ಆ ಹೆಸರು. ಸಂಜೆ ಅವರೇ ಬಾಗಿಲಿಗೆ ಬಂದರು. ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಔಷಧಿಯ ಸೀಸೆ, ಕೆನ್ನೆಯ ಮೇಲೆಲ್ಲ ಅದರದೇ ಹನಿ. “ಹನಿ ತಪ್ಪಿದ್ರೆ ಕಣ್ಣು ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು. ನಮ್ಮನೆಯವಳು ಇದ್ದಿದ್ರೆ ನಿನ್ನ ಕೇಳ್ತಿರಲಿಲ್ಲ. ನೀನು ಹಾಕ್ತೀಯೇನಮ್ಮ? ಗೊಂಬೆ ಕಾಣೋಷ್ಟು ಹತ್ತಿರ ಬಾ.”