ಗರಗಸದಂಚಿನ ಹಲ್ಲು

ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಗುಂಜೋಟಿಯ ನಮ್ಮ ಹೊಲದಲ್ಲಿ ಬಾವಿ ತೋಡುತ್ತಿದ್ದ ಆ ಬೇಸಿಗೆಯಲ್ಲಿ ನಮಗೆ ಆಟದ ಬಯಲೆಂದರೆ ಮೇಲೆ ಬಿದ್ದ ಮಣ್ಣಿನ ಗುಡ್ಡೆಯೇ. ಕಾಕಾನ ಮಗಳು ಲೀಲಾ, ನಾನು ಇಬ್ಬರೂ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಉಡಿಯಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು, ಗಜಗದಾಟಕ್ಕೆ ನುಣುಪು ಹರಳು ಹುಡುಕುತ್ತ ಮಧ್ಯಾಹ್ನ ಕಳೆಯುತ್ತಿದ್ದೆವು. ಕರಿಕಲ್ಲಿನ ಕೆಳಗಿಂದ ಬಂದ ಹಸಿ ಬಿಳಿಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ.

ಒಂದು ದಿನ ಲೀಲಾಳ ಕೈಗೆ ಹಲ್ಲೊಂದು ಸಿಕ್ಕಿತು. ನಡುಬೆರಳಿಗಿಂತ ಉದ್ದ, ಕುಡುಗೋಲಿನಂತೆ ಬಾಗಿದ್ದು, ಒಳ ಅಂಚಿಗೆ, ಹತ್ತಿರ ಹಿಡಿದರಷ್ಟೇ ಕಾಣುವಂಥ ಸಣ್ಣ ಗರಗಸದ ಹಲ್ಲುಸಾಲು. ಅಜ್ಜಿ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು.

"ನಮ್ಮ ಲೀಲಾನ ಕೈಗುಣ ನೋಡ್ರಿ," ಎಂದು ಬಂದವರಿಗೆಲ್ಲ ತೋರಿಸಿದಳು.

ಅದೇ ಗುಡ್ಡೆಯನ್ನು ನಾನೂ ಕೆದರಿದ್ದೆ. ನನಗೆ ಸಿಕ್ಕಿದ್ದು ಬರೀ ಹರಳು. ಹೊಟ್ಟೆಕಿಚ್ಚಿಗೆ ಅವನ್ನೆಲ್ಲ ಬೇಲಿಯಾಚೆ ಎಸೆದೆ.

ಶಾಲೆಯ ಗುರುಗಳು ಸುದ್ದಿ ಮುಟ್ಟಿಸಿದ್ದರಿಂದ ಹಳೇ ಕಾಲದ ಎಲುಬು ಪರೀಕ್ಷಿಸುವ ಪುಣೆಯ ಸಾಹೇಬರೊಬ್ಬರು ಬರುವುದೆಂದಾಯಿತು. ಹೊಸ ಪ್ರಾಣಿಯಾದರೆ ಅದಕ್ಕೆ ಲೀಲಾಳ ಹೆಸರನ್ನೇ ಇಟ್ಟರೂ ಇಟ್ಟಾರು ಎಂದರು ಗುರುಗಳು. ನನಗೆ ಅಷ್ಟೇ ಸಾಕಾಯಿತು. ಎಲ್ಲರೂ ಹೊಲಕ್ಕೆ ಹೋದಾಗ ಹಲ್ಲನ್ನು ಅಪ್ಪನ ಸಾಣೆಕಲ್ಲಿಗೆ ಹಿಡಿದು, ಗರಗಸ ಪೂರಾ ಸವೆಯುವವರೆಗೆ ಉಜ್ಜಿದೆ. ಮತ್ತೆ ವಿಭೂತಿ ಬಳಿದು ಇದ್ದಲ್ಲೇ ಇಟ್ಟೆ.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮರಾಠಿಯನ್ನು ಗುರುಗಳು ಅಜ್ಜಿಗೆ ಬಿಡಿಸಿ ಹೇಳಿದರು: "ಬೇಟೆ ಆಡೋ ದೊಡ್ಡ ಡೈನೋಸಾರ್ ಹಲ್ಲಂತ ರೀ. ಆದ್ರ ಅಂಚಿನ ಗರಗಸ ನೋಡೇ ಅದರ ಕುಲ ಹೇಳಬೇಕಂತ. ಇದರಾಗ ಅದೇ ಇಲ್ಲ. ಹೊಸಾದು ಅಂತ ಬರಿಲಾಕ ಬರಲ್ಲ ಅಂತಾರ."

"ಇತ್ತು ರೀ ಸರ್. ನಾ ಎಣಿಸೀನಿ, ತೊಂಬತ್ತೊಂದು ಇದ್ದವು," ಎಂದಳು ಲೀಲಾ. ನನ್ನ ಕಡೆ ತಿರುಗಿದಳು. "ಶಾಂತಾ, ನೀನೂ ನೋಡಿದ್ದಿ ಅಲ್ಲ? ಹೇಳು."

"ನಂಗ ನೆಪ್ಪಿಲ್ಲ," ಎಂದೆ.

ಇನ್ನೊಂದು ಹಲ್ಲು ಹುಡುಕೋಣವೆಂದರೆ ಬಾವಿಗೆ ಆಗಲೇ ನೀರು ಬಂದಿತ್ತು. ಜಾತಿ ತಿಳಿಯದು ಎಂದು ಚೀಟಿ ಅಂಟಿಸಿ ಸಾಹೇಬರು ಹಲ್ಲನ್ನು ಒಯ್ದರು. ಆ ವರ್ಷವೆಲ್ಲ ಶಾಲೆಯ ಮಕ್ಕಳು ಆಕೆಯನ್ನು ಸುಳ್ಳಿ ಲೀಲಾ ಎಂದು ಕಾಡಿದರು. ನಾನೂ ಅವರ ಜೊತೆ ನಕ್ಕೆ.

ಈಗ ಲೀಲಾ ನಿಲಂಗಾದಲ್ಲಿದ್ದಾಳೆ. ಮೊನ್ನೆ ಫೋನಿಗೆ ಒಂದು ಸುದ್ದಿ ಕಳಿಸಿದಳು. ಎಲ್ಲೋ ದೂರದ ದೇಶದ ಒಂದು ಊರಲ್ಲಿ ದೊಡ್ಡ ಬೇಟೆಗಾರ ಡೈನೋಸಾರ್ ಒಂದು ಸಿಕ್ಕಿದೆ, ಆ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಕಂಡೂ ಅರಿಯದ ಆ ಊರಿನ ಮೇಲೂ ನನಗೆ ಹೊಟ್ಟೆ ಉರಿಯಿತು. ಚಿತ್ರದಲ್ಲಿ ಅಂಥದೇ ಹಲ್ಲು. ಕೆಳಗೆ ಲೀಲಾಳ ದನಿಯ ಸಂದೇಶ: "ನೋಡವ್ವ ಶಾಂತಾ, ನಮ್ದೂ ಹಿಂಗೇ ಇತ್ತು. ನಾ ಸುಳ್ಳ ಹೇಳಿದ್ದಿಲ್ಲ. ನಿಂಗ ಪಾಪ, ನೆಪ್ಪೇ ಇಲ್ಲ."

ಆಕೆಯ ಲೆಕ್ಕ ಸರಿಯಾಗಿತ್ತು. ಉಜ್ಜುವ ಮೊದಲು ನಾನೂ ಎಣಿಸಿದ್ದೆ.