ದೇವರಕಾಡಿನಲ್ಲಿ ಕತ್ತರಿ

ಹಕ್ಕಿ ಹುಚ್ಚಿನ ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮೂರ ಗುಡ್ಡದ ದೇವರಕಾಡಿನಲ್ಲಿ ಒಬ್ಬ ಮಹಾಭಕ್ತರು ಸಿಕ್ಕಿದರು. ಬೋರ್ಡು ಓದಿ ಶೂ ಹೊರಗೇ ಬಿಟ್ಟು, ಬರಿಗಾಲಲ್ಲಿ ಬಂದಿದ್ದರು. ಹೆಗಲಲ್ಲಿ ದೊಡ್ಡ ಕ್ಯಾಮೆರಾ, ಕೈಯಲ್ಲಿ ಕಾಫಿ ಗಿಡ ಸವರುವ ಕತ್ತರಿ.

ಚಳಿ ಇಳಿಯುವ ಈ ದಿನಗಳಲ್ಲಿ ಅಲ್ಲಿ ಕಪ್ಪೆಬಾಯಿ ಹಕ್ಕಿಯೊಂದು ಒಂದೇ ಮೊಟ್ಟೆಗೆ ಕಾವು ಕೂತಿತ್ತು. ಒಣಗಿದ ಎಲೆಯಂತೆ ಕಾಣುವುದು ಬಿಟ್ಟರೆ ಅದಕ್ಕೆ ಬೇರೆ ರಕ್ಷಣೆಯಿಲ್ಲ. ಇವರು ಅದರ ಮುಂದಿನ ಎಲೆಗಳನ್ನೆಲ್ಲ ಕತ್ತರಿಸುತ್ತಿದ್ದರು.

"ಸಾರ್, ಇದು ದೇವರಕಾಡು. ಇಲ್ಲಿ ಒಂದು ಕಡ್ಡಿನೂ ಮುರಿಯೋ ಹಾಗಿಲ್ಲ" ಎಂದೆ.

"ಶೂ ಬಿಟ್ಟೇ ಬಂದಿದ್ದೀನಲ್ಲ ಮೇಡಂ!"

ಪಕ್ಕದಲ್ಲೇ ಕಾಡಿನ ಉಸ್ತುವಾರಿಯ ಹಿರಿಯರು ನಿಂತಿದ್ದರು. ತೋಟದ ಕೂಲಿ ಲೈನಿನ ಹೆಂಗಸೊಬ್ಬಳು ಇಲ್ಲಿ ಒಣಸೌದೆ ಆಯ್ದಳೆಂದು ಹೋದ ತಿಂಗಳು ತಪ್ಪುಕಾಣಿಕೆ ಹಾಕಿಸಿದವರು ಇವರೇ.

"ಮಾವ, ನೀವಾದ್ರೂ ಹೇಳಿ."

"ನಾಲ್ಕು ಎಲೆ ತಾನೇ, ಬಿಡಮ್ಮ. ನಮ್ಮ ಹೋಂಸ್ಟೇ ಗೆಸ್ಟು, ಪಾಪ, ದೂರದಿಂದ ಬಂದಿದ್ದಾರೆ."

ಗೆಸ್ಟು ಫೋಟೊ ತೆಗೆದರು. ಸಾಲದೆಂದು ಇನ್ನೂ ಹತ್ತಿರ ಹೋದರು. ಹಕ್ಕಿ ಎದ್ದು ಹಾರಿತು.

ಮಧ್ಯಾಹ್ನ ಆ ಫೋಟೊ ನಮ್ಮ ವಾಟ್ಸಾಪ್ ಗ್ರೂಪಿಗೂ ಬಂತು. ಹಕ್ಕಿಗೆ ಅಡ್ಡವಾಗಿ ಒಂದು ಎಲೆಯೂ ಇಲ್ಲ. ಕೆಳಗೆ "ಯಾರೂ ಮುಟ್ಟದ ಕಾಡು" ಎಂಬ ಸಾಲು, ಅದಕ್ಕೆ ಕೈಮುಗಿದವರ ಸಾಲು.

ತಡೆಯಲಾಗದೆ ಮತ್ತೆ ಕಾಡಿಗೆ ಹೋದೆ. ಗೂಡಿನ ಪಕ್ಕ ಕಾಗೆಯೊಂದು ಕೊಕ್ಕು ಒರೆಸಿಕೊಳ್ಳುತ್ತಿತ್ತು. ಮೊಟ್ಟೆ ಇರಲಿಲ್ಲ.

ಕಾಗೆಯದೇನೂ ತಪ್ಪಿಲ್ಲ ಬಿಡಿ. ಅದೂ ಬರಿಗಾಲಲ್ಲೇ ಬಂದಿತ್ತು.