ಪರದೆಗೆ ಬೆನ್ನು ಕೊಟ್ಟು ನಿಂತವರು

“ನಮ್ಮಕ್ಕ ಗಂಡನ್ನ ಮಣ್ಣು ಮಾಡಿ ಮೂರು ತಿಂಗಳಾಗಿಲ್ಲ. ಆಕಿಗೆ ಹೆಣದ ಮುಂದ ನಗೂ ಸಿನಿಮಾದ ಟಿಕೀಟ್ ಕೊಟ್ಟೀರಲ್ಲ ದಾವಲಬಿ ಅಕ್ಕಾ, ಬುದ್ಧಿ ಎಲ್ಲಿಟ್ಟೀರಿ? ಮಷಿನ್ ಬಂದ್ ಮಾಡ್ತೇನಿ ನಾ!”

“ಮಾಡು. ಒಳಗ ನೂರು ಮಂದಿ ಕುಂತಾರ, ಅವ್ರಿಗೆ ನೀನ ಹೋಗಿ ಉತ್ತರ ಹೇಳು.”

ಹೋದ ವರ್ಷ ಬಸವನ ಬಾಗೇವಾಡಿಯ ನಮ್ಮ ಚಿತ್ರಮಂದಿರದಲ್ಲಿ ಹೀಗೆ ಹರಿಹಾಯ್ದವನು ಆಪರೇಟರ್ ಮಾಳಿಂಗ. ಎದುರು ನಿಂತವರು ಮೂವತ್ತನಾಲ್ಕು ವರ್ಷ ಟಿಕೀಟು ಕಿಟಕಿಯಲ್ಲಿ ಕುಳಿತು ಈಗ ನಿವೃತ್ತರಾಗುತ್ತಿರುವ ದಾವಲಬಿಯವರು. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಸಿನಿಮಾ ನಡೆಸುವವರಿಗೇನೂ ಕೊರತೆಯಿಲ್ಲ. ಆದರೆ ಹೊಸ ಚಿತ್ರ ನೋಡುವಂಥದ್ದೋ ಅಲ್ಲವೋ ಎಂದು ಅವರೂ ಫೋನು ಮಾಡಿ ಕೇಳುತ್ತಿದ್ದುದು ಇವರನ್ನೇ.

ರೀಲಿನ ಡಬ್ಬಿಗಳು ಬಸ್ಸಿನ ಮೇಲೆ ಬರುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದ ದಾವಲಬಿಯವರು, ಪ್ರತಿ ಶುಕ್ರವಾರ ಮೊದಲ ಆಟ ಶುರುವಾದೊಡನೆ ಕಿಟಕಿ ಮುಚ್ಚಿ ಒಳಗೆ ಹೋಗಿ, ಪರದೆಗೆ ಬೆನ್ನು ಕೊಟ್ಟು, ಕುಳಿತವರ ಮುಖಗಳನ್ನಷ್ಟೇ ನೋಡುತ್ತಿದ್ದರು. ಮುಂದಿನ ಆಟಕ್ಕೆ ಬಂದವರಿಗೆ “ಇದು ಬ್ಯಾಡ್ರಿ, ಮನಿಗೆ ಹೋಗ್ರಿ” ಎಂದು ಹೇಳಿ ಮಾಲೀಕರಿಂದ ಬೈಸಿಕೊಂಡದ್ದೂ ಉಂಟು. ಕಿವಿ ಕೇಳದ ಶೆಟ್ಟೆವ್ವನಿಗೆ, ಮಾತು ಕಡಿಮೆಯಿರುವ ಚಿತ್ರ ಬಂದಾಗ ತಪ್ಪದೆ ಹೇಳಿಕಳಿಸುತ್ತಿದ್ದರು.

ಆ ವಾರ ಬಂದ ಹೊಸ ಚಿತ್ರಗಳು ಎರಡು. ಸಂಜೆಯದು ತಾಯಿ–ಮಗಳ ಸಂಸಾರದ ಕಥೆ. ಮಧ್ಯಾಹ್ನದ್ದು ಸಾವಿನ ಮನೆಯಲ್ಲೇ ನಡೆಯುವ ಕಹಿ ನಗೆಯ ಕಥೆ. ಮಾಳಿಂಗನ ಅಕ್ಕ ತಿಪ್ಪವ್ವ ಗಂಡ ಸತ್ತಂದಿನಿಂದ ಅಳದೆ, ಮಾತಾಡದೆ, ಮಸೂತಿ ಊರಿನ ಸ್ವಂತ ಮನೆಯ ಬಾಗಿಲನ್ನೂ ತೆರೆಯದೆ, ತಮ್ಮನ ಮನೆಯ ಮೂಲೆ ಹಿಡಿದಿದ್ದಳು. ಅತ್ತರೆ ಹಗುರಾದಾಳೆಂದು ಅವನೇ ಅವಳನ್ನು ಸಂಜೆಯ ಚಿತ್ರಕ್ಕೆಂದು ತಾನು ಕೆಲಸಕ್ಕೆ ಬರುವಾಗ ಮಧ್ಯಾಹ್ನವೇ ಕರೆತಂದಿದ್ದ. ದಾವಲಬಿಯವರು ಅವಳ ಮುಖ ನೋಡಿ ಮಧ್ಯಾಹ್ನದ ಟಿಕೀಟು ಹರಿದು ಕೊಟ್ಟುಬಿಟ್ಟಿದ್ದರು.

“ಬೈಯೂದಾತಿಲ್ಲೋ? ಬಾ ಇಲ್ಲಿ” ಎಂದು ಅವರು ಮಾಳಿಂಗನ ತೋಳು ಹಿಡಿದು ಪರದೆಯ ಬದಿಗೆ ಒಯ್ದು ನಿಲ್ಲಿಸಿದರು. ಇಪ್ಪತ್ತು ವರ್ಷ ಮಹಡಿಯ ಮಷಿನ್ ಕೋಣೆಯಿಂದ ಬರೀ ತಲೆಗಳ ಹಿಂಬದಿ ಕಂಡಿದ್ದವನಿಗೆ ಅಂದು ಮೊದಲ ಸಲ ಮುಖಗಳು ಕಂಡವು. ಹೊಲದ ತುಂಬ ಒಮ್ಮೆಲೇ ಬಿಸಿಲು ಬಿದ್ದಂತೆ.

ಪರದೆಯ ಮೇಲೆ ಹೆಣವನ್ನು ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಕಡೆಯ ಫೋಟೋ ತೆಗೆಯಲು ಬಂದವನು ಮದುವೆಮನೆಯ ರೂಢಿಯಲ್ಲಿ “ಎಲ್ಲಾರೂ ಸ್ವಲ್ಪ ನಗ್ರಿ” ಅಂದ. ಅಳುತ್ತಿದ್ದ ಮಕ್ಕಳೆಲ್ಲ ಥಟ್ಟನೆ ಹಲ್ಲು ಕಿರಿದರು. ಮೂರನೇ ಸಾಲಿನಲ್ಲಿ ತಿಪ್ಪವ್ವ ಸೆರಗು ಬಾಯಿಗೊತ್ತಿಕೊಂಡು ಅಲುಗಾಡಿ ನಗುತ್ತಿದ್ದಳು. ನಗುನಗುತ್ತಲೇ ಅವಳ ಕಣ್ಣೀರು ಹರಿಯತೊಡಗಿತು.

“ನಿಮಗ ಹೆಂಗ ಗೊತ್ತಾತ್ರೀ ಅಕ್ಕಾ?”

“ಅಳಸೂದು ಸಸಾರ ಐತಿ ತಮ್ಮಾ. ಮೂರು ತಿಂಗಳಿಂದ ಬಂದವರೆಲ್ಲ ಆಕಿಗೆ ಅದನ್ನ ಮಾಡಾಕ ನೋಡ್ಯಾರ.”

ದಾವಲಬಿಯವರ ಆ ಕಣ್ಣು ನೂರು ವರ್ಷ ಬಾಳಲಿ. ಕಿಟಕಿ ಬಿಟ್ಟ ಮೇಲೂ ಅವರು ಮನೆಯ ಕಟ್ಟೆಯ ಮೇಲೆ ಕುಳಿತು, ಯಾವ ಚಿತ್ರ ಯಾರು ನೋಡಬೇಕೆಂದು ನಮಗೆ ಹೇಳುತ್ತಿರಲಿ, ತಪ್ಪಿದಾಗ ಬೈಯುತ್ತಲೂ ಇರಲಿ.

ಅಂದು ಚಿತ್ರ ಮುಗಿಯುವ ಮೊದಲೇ ತಿಪ್ಪವ್ವ ಕಣ್ಣೊರೆಸಿಕೊಂಡು ಎದ್ದಳು. “ಎಲ್ಲಿಗೆ ಬೇ?” ಎಂದು ಮಾಳಿಂಗ ಅವಳ ಹಿಂದೆಯೇ ಓಡಿದ.

“ನಮ್ಮನಿಗೆ. ಅವರ ಫೋಟೋ ಟ್ರಂಕಿನ್ಯಾಗ ಐತಿ, ಗೋಡಿಗೆ ಹಾಕಬೇಕು.”

ಮಸೂತಿಯ ಬಸ್ಸು ಹತ್ತಿ ಹೋದವಳು ತಮ್ಮನ ಮನೆಯ ಆ ಮೂಲೆಗೆ ಮತ್ತೆ ಬರಲಿಲ್ಲ.